ಕುದುರಿಯವರ ಕಾಲು

ನಮ್ಮ ಮನೆತನದಲ್ಲಿ ಚಪ್ಪಲಿ ಸವೆಸಿದವರು ಯಾರೂ ಇಲ್ಲ, ಎಲ್ಲರೂ ಕಳೆದುಕೊಂಡವರೇ. ನಮ್ಮಪ್ಪ ಕೆಸರಿನಲ್ಲಿ ಕಳೆದ, ಬಸ್ಸು ಹತ್ತುವಾಗ ಕಳೆದ. ಒಮ್ಮೆ ಘತ್ತರಗಿಯಲ್ಲಿ ಭೀಮಾ ನದಿಗೆ ಇಳಿದು, ಎರಡೂ ಚಪ್ಪಲಿ ತೇಲಿ ಹೋಗುವುದನ್ನು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತ ನಿಂತ. ನನ್ನದೂ ಅದೇ ಪಾಡು. ನಾಲ್ಕು ಹೆಜ್ಜೆ ಹಾಕಿದರೆ ಕಾಲು ಮುಂದೆ ಇರುತ್ತಿತ್ತು, ಚಪ್ಪಲಿ ಹಿಂದೆ ಉಳಿಯುತ್ತಿತ್ತು. ಇದು ರೋಗದ ಲಕ್ಷಣ ಎಂದು ಯಾರಿಗೂ ಹೊಳೆಯಲಿಲ್ಲ. ನಿಷ್ಕಾಳಜಿ ಅಂದುಕೊಂಡೆವು. ನನ್ನ ತಾಯಿ ನನಗೆ ಬೈದಳು, ನಾನು ನನ್ನ ಮಗಳಿಗೆ ಬೈದೆ.

ನನ್ನ ಹೆಸರು ಮಲ್ಲಿನಾಥ, ಅಡ್ಡಹೆಸರು ಕುದುರಿ. ಮೂಲ ಊರು ಜೇವರ್ಗಿ ಕಡೆಯ ಇಜೇರಿ. ಈಗ ಇರುವುದು ಆಳಂದದಲ್ಲಿ. ಖಜೂರಿ ಕಡೆ ಹೋಗುವ ರಸ್ತೆಯ ಬದಿಗೆ ಲಾರಿಗಳ ಪಾಟಾ ಕೆಲಸದ ಅಂಗಡಿ ಇಟ್ಟುಕೊಂಡಿದ್ದೇನೆ. ಹೀಗೆ ಕೂತು ಬರೆಯುವವನು ನಾನಲ್ಲ. ಆದರೆ ಕಾಲಿನ ವಿಷಯದಲ್ಲಿ ನಾನು ಎಷ್ಟು ವರ್ಷ ಮೂರ್ಖನಾಗಿದ್ದೆ ಎಂಬುದನ್ನು ಬರೆದಿಟ್ಟರೆ, ಚಪ್ಪಲಿ ಕಳೆದುಕೊಳ್ಳುವ ಮಕ್ಕಳಿರುವ ಇನ್ನೊಂದು ಮನೆಗಾದರೂ ಉಪಯೋಗವಾದೀತು ಅನ್ನಿಸಿತು.

ನಮ್ಮ ಕಡೆ ಅಡ್ಡಹೆಸರು ಅಂದರೆ ಅದರ ಹಿಂದೆ ಒಂದು ಕಥೆ ಇದ್ದೇ ಇರುತ್ತದೆ. ನಮ್ಮ ಕಥೆ ಇದು. ನನ್ನ ಮುತ್ಯಾನ, ಅಂದರೆ ಅಜ್ಜನ, ಅಪ್ಪ ನಿಜಾಮನ ಕಾಲದಲ್ಲಿ ಕುದುರೆ ಸವಾರನಾಗಿದ್ದ, ಎತ್ತರದ ಬಿಳಿ ಕುದುರೆಯ ಮೇಲೆ ಇಜೇರಿಗೆ ಬಂದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು, ಅದಕ್ಕೇ ನಾವು ಕುದುರಿಯವರು. ಇದನ್ನು ನಮ್ಮಪ್ಪ ಮದುವೆ ಮನೆಗಳಲ್ಲಿ ಎದ್ದು ನಿಂತು ಹೇಳುತ್ತಿದ್ದ. ಹೇಳುವುದಷ್ಟೇ ಅಲ್ಲ, ನಡೆದು ತೋರಿಸುತ್ತಿದ್ದ. ಮೊಣಕಾಲು ಎತ್ತಿ ಎತ್ತಿ ಇಟ್ಟು, ಪಾದ ನೆಲಕ್ಕೆ ಪಟಪಟ ಬಡಿಯುವಂತೆ ನಡೆಯುವುದು ಅವನ ರೀತಿ. ‘ಸವಾರನ ವಂಶ ನೋಡ್ರಿ, ರಕ್ತದಾಗ ಕುದುರಿ ಅದ’ ಅನ್ನುತ್ತಿದ್ದ. ಮಂದಿ ನಗುತ್ತಿದ್ದರು. ಆ ನಗುವಿನಲ್ಲಿ ಮೆಚ್ಚುಗೆ ಎಷ್ಟಿತ್ತು, ಕುಚೋದ್ಯ ಎಷ್ಟಿತ್ತು ಎಂದು ನಾನು ಅಳೆಯಲು ಹೋಗಲಿಲ್ಲ.

ಇನ್ನೊಂದು ಹೆಮ್ಮೆಯೂ ನಮಗಿತ್ತು. ಜಳಕ ಮಾಡಿ ಬಂದು ಶಹಾಬಾದ್ ಕಲ್ಲಿನ ನೆಲದ ಮೇಲೆ ಕಾಲಿಟ್ಟರೆ, ಬೇರೆಯವರದು ಪೂರ್ತಿ ಪಾದ ಮೂಡುತ್ತದೆ. ನಮ್ಮದು ಮುಂದೊಂದು ತುಂಡು, ಹಿಂದೊಂದು ತುಂಡು, ನಡುವೆ ಒಣ ಕಲ್ಲು. ಪಾದದ ಕೆಳಗೆ ನೀರು ಹಾಯುವಷ್ಟು ಎತ್ತರ ಇರುವುದು ಭಾಗ್ಯವಂತರ ಲಕ್ಷಣ ಎಂದು ಮನೆಯಲ್ಲಿ ನಂಬಿಕೆ. ನನ್ನ ಹೆಂಡತಿ ಮಹಾದೇವಿ ಅಫಜಲಪುರದ ಕಡೆಯವಳು, ಅವಳ ಪಾದ ಪೂರ್ತಿ ಮೂಡುತ್ತದೆ. ಮದುವೆಯಾದ ಹೊಸತರಲ್ಲಿ ಅದಕ್ಕಾಗಿ ಅವಳನ್ನು ಎಷ್ಟು ಕಾಡಿದ್ದೇನೆ ಅಂದರೆ, ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಮನೆಯಲ್ಲಿ ಇಂಥ ಕಾಲಿನವರು ನಾನು, ನನ್ನ ಮಗಳು ಭಾಗ್ಯವಂತಿ, ಮತ್ತು ಅಪ್ಪನ ತಂಗಿ ಶರಣವ್ವತ್ತಿ. ಅಪ್ಪ ತೀರಿಹೋಗಿ ವರ್ಷಗಳಾದವು. ಅತ್ತೆಗೆ ಈಗ ಎಪ್ಪತ್ತರ ಹತ್ತಿರ. ಅವಳನ್ನು ಚಿಕ್ಕ ವಯಸ್ಸಿನಲ್ಲಿಯೇ ಅಫಜಲಪುರ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಎರಡು ವರ್ಷ ತುಂಬುವುದರೊಳಗೆ ತವರಿಗೆ ಬಂದಳು, ಮತ್ತೆ ಹೋಗಲಿಲ್ಲ. ಹೊಂದಾಣಿಕೆ ಆಗಲಿಲ್ಲ ಎಂದಷ್ಟೇ ನಮಗೆ ಹೇಳಿದ್ದರು. ನಾನು ಹುಟ್ಟಿದಾಗಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಾಳೆ. ನನ್ನನ್ನೂ ಬೆಳೆಸಿದಳು, ನನ್ನ ಮಗಳನ್ನೂ ಬೆಳೆಸಿದಳು. ಬೀಗರು ಬಂದರೆ ಮಾತ್ರ ಅಡುಗೆ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ನಡೆಯುವಾಗ ಗೋಡೆಗೆ ಕೈ ಹಚ್ಚಿಕೊಂಡೇ ನಡೆಯುತ್ತಾಳೆ.

ನನಗೆ ಮೂವತ್ತೆಂಟು ದಾಟಿದ ಮೇಲೆ ಪಾದ ಹೊರಗಡೆಗೆ ಹೊರಳತೊಡಗಿತು. ಸಮತಟ್ಟು ನೆಲದಲ್ಲಿಯೂ ಕಾಲು ಉಳುಕುತ್ತಿತ್ತು. ಕಿರುಬೆರಳಿನ ಬುಡದಲ್ಲಿ ಬಿಲ್ಲೆಯಷ್ಟು ದಪ್ಪ ಆಣಿ ಬೆಳೆಯಿತು. ಬೆರಳುಗಳು ಏನನ್ನೋ ಹಿಡಿಯಲು ಹೊರಟಂತೆ ಮುದುಡಿಕೊಂಡವು. ಎಣ್ಣೆ ತಿಕ್ಕಿಸಿದೆ, ಪಟ್ಟಿ ಕಟ್ಟಿಸಿದೆ, ಹಳೆಯ ಲಾರಿ ಟ್ಯೂಬು ಕತ್ತರಿಸಿ ಬೂಟಿನೊಳಗೆ ಹಾಕಿಕೊಂಡೆ. ಕಡೆಗೆ ಮಹಾದೇವಿಯ ಕಾಟಕ್ಕೆ ಆಳಂದದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು, ‘ಕಾಲಿನ ಕಮಾನು ಭಾಳ ಎತ್ತರ ಅದ ನೋಡ್ರಿ. ಹಿಂಗ್ಯಾಕ ಆಗ್ಯದ ಅಂತ ಕಲಬುರಗಿಯೊಳಗ ನರದ ಡಾಕ್ಟರಿಗಿ ತೋರಸ್ರಿ’ ಎಂದು ಚೀಟಿ ಬರೆದುಕೊಟ್ಟರು.

ಇಲ್ಲಿ ನಾನು ಮಾಡಿದ ತಪ್ಪು ನಮ್ಮ ಉದ್ಯೋಗದವರು ಮಾತ್ರ ಮಾಡಬಹುದಾದದ್ದು. ಪಾಟಾ ಅಂದರೆ ಲಾರಿಯ ಅಚ್ಚಿನ ಮೇಲೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಇಡೀ ಲಾರಿಯ ಭಾರ ಅವುಗಳ ಮೇಲೆ. ಆ ಬಾಗಿಗೆ ನಾವು ಕಮಾನು ಅನ್ನುತ್ತೇವೆ. ಭಾರ ಹೊತ್ತು ಚಪ್ಪಟೆಯಾದ ಪಾಟಾ ಬಿಚ್ಚಿ, ಘನದಿಂದ, ಅಂದರೆ ದೊಡ್ಡ ಸುತ್ತಿಗೆಯಿಂದ, ಬಡಿದು ಮತ್ತೆ ಕಮಾನು ಏರಿಸುವುದೇ ನನ್ನ ಹೊಟ್ಟೆಪಾಡು. ಕಬ್ಬಿನ ಲಾರಿಯವರು ಬಂದು ‘ಕಮಾನು ಇನ್ನ ಜರಾ ಏರಸು ಮಾಲಕ್’ ಎಂದು ದುಂಬಾಲು ಬೀಳುತ್ತಾರೆ. ಹೀಗಿರುವಾಗ ಡಾಕ್ಟರು ನನ್ನ ಕಾಲಿನ ಕಮಾನು ಎತ್ತರ ಅಂದದ್ದು ನನ್ನ ಕಿವಿಗೆ ಹೊಗಳಿಕೆಯಾಗಿ ಕೇಳಿಸಿತು. ಮನೆಗೆ ಬಂದು ಮಹಾದೇವಿಗೆ, ‘ನನ್ನ ಕಾಲು ಹತ್ತು ಟನ್ ಗಾಡಿದು, ಸಣ್ಣ ಗಾಡಿದಲ್ಲ’ ಅಂದೆ. ಚೀಟಿಯನ್ನು ದೇವರ ಜಗಲಿಯ ಮೇಲಿಟ್ಟು ನಾಲ್ಕು ತಿಂಗಳು ಮರೆತುಬಿಟ್ಟೆ.

ಆಮೇಲೆ ಒಂದು ದಿನ ಘನ ಎತ್ತಿದವನು ಹಾಗೆಯೇ ಪಕ್ಕಕ್ಕೆ ಬಿದ್ದೆ. ಘನ ನನ್ನ ತಲೆಯಿಂದ ಒಂದು ಗೇಣು ಆಚೆ ಬಿತ್ತು. ನನಗೆ ಕೆಲಸ ಕಲಿಸಿದ ಖಾಜಾಸಾಬ ಉಸ್ತಾದರು ಆಗ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರಿಗೆ ಈಗ ಕೈಯಲ್ಲಿ ಕಸುವಿಲ್ಲ, ಆದರೂ ದಿನಾ ಬಂದು ಕೂರುತ್ತಾರೆ. ನನ್ನನ್ನು ಎಬ್ಬಿಸಿ ನೀರು ಕುಡಿಸಿ, ಡಾಕ್ಟರು ಏನಂದರು ಎಂದು ಕೇಳಿದರು. ಹೇಳಿದೆ.

‘ಲೇ ಮಲ್ಲ್ಯಾ, ಕಮಾನು ಜಾಸ್ತಿ ಆದ ಪಾಟಾ ಏನ್ ಮಾಡ್ತದ?’

‘ಬಗ್ಗಂಗಿಲ್ಲ, ಉಸ್ತಾದ.’

‘ಬಗ್ಗಲಿಲ್ಲಂದ್ರ?’

‘ತಗ್ಗಿನ್ಯಾಗ ಬಿದ್ದಾಗೆಲ್ಲ ಪೆಟ್ಟು ಸೀದಾ ಗಾಡಿ ಮೈಗೇ ಹೋಗ್ತದ. ಬೋಲ್ಟ್ ಕಡೀತಾವ. ಗಾಡಿ ಒಂದ ಕಡಿ ವಾಲ್ತದ.’

‘ಇದನ್ನ ಗಿರಾಕಿಗಿ ಎಷ್ಟ ಸಲ ಹೇಳಿದಿ ನೀ? ನಿನಗ ಯಾರ್ ಹೇಳಬೇಕಲೇ? ಚೀಟಿ ತಗೊಂಡು ನಾಳಿಗೇ ಕಲಬುರಗಿಗಿ ನಡಿ.’

ಕಲಬುರಗಿಯ ಆ ಆಸ್ಪತ್ರೆಯಲ್ಲಿ ನರದ ಡಾಕ್ಟರು ಒಬ್ಬ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮಾತು ನಮ್ಮ ಕಡೆಯದೇ. ಒಂದು ಉಕ್ಕಿನ ಕವೆ ತೆಗೆದು ಅಂಗೈಗೆ ಬಡಿದು ನನ್ನ ಕಾಲಿನ ಹೆಬ್ಬೆರಳಿನ ಮೇಲೆ ಇಟ್ಟರು. ಅದು ಗುಂಯ್ ಅನ್ನುತ್ತಿರುವುದು ನನ್ನ ಕಿವಿಗೆ ಕೇಳುತ್ತಿತ್ತು. ಉಕ್ಕಿನ ಜೊತೆಯಲ್ಲೇ ಬದುಕಿದವನು ನಾನು, ಉಕ್ಕು ನಡುಗಿದರೆ ಕೈಗೆ ಗೊತ್ತಾಗುತ್ತದೆ. ಆದರೆ ಹೆಬ್ಬೆರಳಿಗೆ ಏನೂ ಗೊತ್ತಾಗಲಿಲ್ಲ. ಹರಡಿನ ಮೇಲೆ, ಪಾದದ ಗಂಟಿಗೆ ಇಟ್ಟರು, ಇಲ್ಲ. ಮೊಣಕಾಲಿನ ಕೆಳಗೆ ಇಟ್ಟರು, ದೂರದಿಂದ ಬಂದಂತೆ ಏನೋ ಸಣ್ಣಗೆ. ಮೊಣಕಾಲಿನ ಮೇಲೆ ಇಟ್ಟಾಗ ಸ್ಪಷ್ಟವಾಗಿ ನಡುಗಿತು. ನಾನು ದಂಗಾಗಿ ಕೂತೆ. ನಲವತ್ತೊಂದು ವರ್ಷ ನನ್ನವೇ ಅಂದುಕೊಂಡಿದ್ದ ಪಾದಗಳಿಂದ ನನಗೆ ಸುದ್ದಿ ಬರುವುದು ಯಾವಾಗಲೋ ನಿಂತುಹೋಗಿತ್ತು, ಅದು ನನಗೆ ತಿಳಿದೇ ಇರಲಿಲ್ಲ.

ಡಾಕ್ಟರು ಕಾಗದದ ಮೇಲೆ ಹೆಸರು ಬರೆದುಕೊಳ್ಳುತ್ತ ಕೇಳಿದರು. ‘ಅಡ್ಡಹೆಸರು ಏನಂದ್ರಿ?’

‘ಕುದುರಿ ರೀ.’

ಪೆನ್ನು ನಿಂತಿತು. ‘ಈ ಹೆಸರು ಹ್ಯಾಂಗ ಬಂತ್ರಿ ನಿಮಗ?’

ನನಗೆ ಇಷ್ಟವಾದ ಪ್ರಶ್ನೆ. ಬಿಳಿ ಕುದುರೆ, ನಿಜಾಮ, ಎದ್ದು ನಿಂತ ಇಜೇರಿ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ನಿಮ್ಮ ಅಪ್ಪಾರು, ಮುತ್ಯಾರು ಹ್ಯಾಂಗ ನಡೀತಿದ್ರು?’ ಅಂದರು. ನಾನು ಎದ್ದು ಆ ಸಣ್ಣ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದು ತೋರಿಸಿದೆ. ಮೊಣಕಾಲು ಎತ್ತಿ ಎತ್ತಿ, ಪಾದ ಪಟಪಟ ಅನ್ನಿಸುತ್ತ, ಥೇಟ್ ನಮ್ಮಪ್ಪ ಮದುವೆ ಮನೆಯಲ್ಲಿ ನಡೆದಂತೆ. ಸಾಮಾನ್ಯವಾಗಿ ಇದಕ್ಕೆ ಎಲ್ಲರೂ ನಗುತ್ತಾರೆ. ಅವರು ನಗಲಿಲ್ಲ.

‘ಕೂಡ್ರಿ’ ಅಂದರು. ‘ನಿಮ್ಮ ಮನಿಯಾಗ ಕುದುರಿ ಇತ್ತೋ ಇಲ್ಲೋ ನನಗ ಗೊತ್ತಿಲ್ರಿ. ಆದ್ರ ಈ ನಡಿಗಿ ಇತ್ತು. ಪಾದ ಎತ್ತೋ ಸ್ನಾಯುಕ್ಕ ನರ ಮುಟ್ಟಲಿಲ್ಲ ಅಂದ್ರ ಬೆರಳು ಜೋಲ್ತಾವ. ಅವು ನೆಲಕ್ಕ ಎಡವಬಾರದಂತ ಮನಷ್ಯಾ ಮೊಣಕಾಲು ಎತ್ತಿ ಹಾಕ್ತಾನ. ನೋಡಿದ ಮಂದಿ ಕುದುರಿ ಅಂತಾರ.’

ಇಡೀ ಜೀವನದಲ್ಲಿ ನನಗೆ ಅಷ್ಟು ದೊಡ್ಡ ಸೋಜಿಗ ಆಗಿಲ್ಲ. ಓದು ಬರಹ ಇಲ್ಲದ ಇಜೇರಿಯ ಯಾರೋ ರೈತರು, ಯಾವ ಯಂತ್ರವೂ ಇಲ್ಲದೆ, ನಡೆಯುವುದನ್ನು ನೋಡಿ ನಮ್ಮ ರೋಗವನ್ನು ಗುರುತಿಸಿ ಅದಕ್ಕೆ ಹೆಸರಿಟ್ಟಿದ್ದರು. ನಾವು ಆ ಹೆಸರನ್ನು ರೇಷನ್ ಕಾರ್ಡಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ, ಲಗ್ನಪತ್ರಿಕೆಯಲ್ಲಿ ಬರೆಸಿಕೊಂಡು ತಿರುಗುತ್ತಿದ್ದೆವು. ತಲೆಮಾರುಗಳಿಂದ ಎಲ್ಲರಿಗೂ ಓದಿ ಹೇಳುತ್ತಿದ್ದೆವು, ಅರ್ಥ ಮಾತ್ರ ನಮಗೇ ಗೊತ್ತಿರಲಿಲ್ಲ. ಬಿಳಿ ಕುದುರೆ ಆ ಕೋಣೆಯಲ್ಲೇ ಸತ್ತುಹೋಯಿತು. ಅದಕ್ಕಾಗಿ ನನಗೆ ದುಃಖವೂ ಆಯಿತು ಅಂತ ಹೇಳಿದರೆ ನೀವು ನಗಬಾರದು.

ಕಮಾನು ಏಕೆ ಏರಿತು ಎಂದೂ ಅವರು ಹೇಳಿದರು. ಪಾದದ ಒಳಗಿನ ಸಣ್ಣ ಸ್ನಾಯುಗಳು ಸೋತಿವೆ, ದೊಡ್ಡವು ಇನ್ನೂ ಎಳೆಯುತ್ತಿವೆ, ಎಳೆದಂತೆಲ್ಲ ಪಾದ ಬಾಗುತ್ತದೆ. ಎತ್ತರದ ಕಮಾನಿನ ಕಾಲು ಇದ್ದವರಿಗೆಲ್ಲ ಇದೇ ಇರುತ್ತದೆ ಎಂದಲ್ಲ, ಕೆಲವರ ಕಾಲು ಹುಟ್ಟಿನಿಂದ ಹಾಗೇ ಇದ್ದು ಏನೂ ತೊಂದರೆ ಕೊಡುವುದಿಲ್ಲ ಎಂದೂ ಹೇಳಿದರು. ನರದ ಪರೀಕ್ಷೆಯಾಯಿತು. ಕಾಗದದ ಮೇಲೆ ಒಂದು ಉದ್ದದ ವಿದೇಶಿ ಹೆಸರು ಬರೆದರು. ಅದು ನನ್ನ ನಾಲಿಗೆಗೆ ಇನ್ನೂ ಹತ್ತಿಲ್ಲ. ಕೊನೆಗೆ, ‘ಇದು ಮನಿತನದೊಳಗ ಬರೂ ಅಂಥಾದ್ದು. ಮಕ್ಕಳದಾರೇನ್ರಿ?’ ಅಂದರು.

ಅಲ್ಲಿಯ ತನಕ ಇದು ನನ್ನ ಕಾಲಿನ ಮಾತಾಗಿತ್ತು. ಭಾಗ್ಯವಂತಿಗೆ ಆಗ ಹನ್ನೆರಡು ವರ್ಷ, ಏಳನೇ ಇಯತ್ತೆ. ಹಿಂದಿನ ವಾರವೇ ಶಾಲೆಯಿಂದ ಒಂದೇ ಚಪ್ಪಲಿಯಲ್ಲಿ ಬಂದಳೆಂದು, ಮೂಲೆಗೆ ನಿಲ್ಲಿಸಿ ಬೈದಿದ್ದೆ. ‘ಬೇಕಂತ ಮಾಡ್ತಿ’ ಅಂದಿದ್ದೆ. ‘ಇಲ್ಲಪ್ಪಾ, ಅದು ಹೋಗಿದ್ದು ನನಗ ಗೊತ್ತೇ ಆಗಲಿಲ್ಲ’ ಅಂದಿದ್ದಳು. ನಾನು ಅದನ್ನು ಸುಳ್ಳು ಅಂದುಕೊಂಡಿದ್ದೆ. ಕಲಬುರಗಿಯಿಂದ ಆಳಂದದ ತನಕ ಬಸ್ಸಿನಲ್ಲಿ ಅದೊಂದೇ ಮಾತು ನನ್ನ ಕಿವಿಯಲ್ಲಿ ಇತ್ತು.

ಮನೆಯಲ್ಲಿ ಹೇಳಿದೆ. ಮಹಾದೇವಿ ಹಿಟ್ಟು ನಾದುವುದನ್ನು ಮುಗಿಸಿ ಕೈ ತೊಳೆದು ಬಂದು ನಿಂತಳು.

‘ಭಾಗ್ಯಾನ್ನ ಕರಕೊಂಡು ಹೋಗೂದು ಬ್ಯಾಡ್ರಿ.’

‘ಯಾಕ?’

‘ಆಳಂದ ಎಷ್ಟ ದೊಡ್ಡ ಊರದ? ನಾಕ ದಿನದಾಗ ಎಲ್ಲಾರಿಗಿ ಗೊತ್ತಾಗ್ತದ. ನಾಳಿ ಆಕಿನ್ನ ಯಾರ ಮನಿ ತುಂಬಸ್ಕೋತಾರ? ಅತ್ತಿಗಿ ಆದದ್ದು ನನ್ನ ಮಗಳಿಗಿ ಆಗಬಾರ್ದು. ಅವರನ್ನ ಕೊಟ್ಟಿದ್ದ ಊರು ನನ್ನ ತವರಿಗಿ ಮೂರ ಹರದಾರಿ. ಅಲ್ಲಿ ಮಂದಿ ಇನ್ನೂ ಮಾತಾಡ್ತಾರ.’

‘ಏನ್ ಮಾತಾಡ್ತಾರ?’

ಮಹಾದೇವಿ ತಲೆ ತಗ್ಗಿಸಿದಳು. ಅಡುಗೆ ಮನೆಯ ಬಾಗಿಲಲ್ಲಿ ಶರಣವ್ವತ್ತಿ ಮೊರದಲ್ಲಿ ತೊಗರಿ ಬೇಳೆ ಆರಿಸುತ್ತ ಕೂತಿದ್ದಾಳೆ ಎನ್ನುವುದನ್ನು ನಾವಿಬ್ಬರೂ ಮರೆತಿದ್ದೆವು. ಅವಳೇ ಉತ್ತರ ಕೊಟ್ಟಳು.

‘ನಾ ಹೇಳ್ತೇನಿ ತಡಿ. ನಮ್ಮತ್ತಿ ಅಂತಿದ್ಲು, ಇದು ಹೆಣ್ಣಿನ ನಡಿಗಿ ಅಲ್ಲ, ಸೊಕ್ಕಿನ ನಡಿಗಿ ಅಂತ. ಆಕಿ ಬಂದ್ರ ಮನಿ ಅದುರ್ತದ, ಕುದುರಿ ಬಂದಂಗ ಬರ್ತಾಳ ಅಂತ. ಸಣ್ಣ ಹೆಜ್ಜಿ ಇಡೂದು ಕಲೀಲಿ ಅಂತ ಎರಡೂ ಮೊಣಕಾಲಿಗಿ ಸೀರಿ ತುಂಡು ಕಟ್ಟಿ ನೀರಿಗಿ ಕಳಸ್ತಿದ್ರು. ಕೊಡ ಹೊತ್ಕೊಂಡು ಬೀಳ್ತಿದ್ದೆ. ಬಿದ್ರ, ಬೇಕಂತ ಬಿದ್ದಾಳ ಅಂತಿದ್ರು. ಮೂರ ಕೊಡ ಒಡದ್ವು. ನಾಕನೇದಕ್ಕ ತವರಿಗಿ ಕಳಿಸಿದ್ರು.’

ಅವಳ ಬೆರಳುಗಳು ಬೇಳೆಯೊಳಗೆ ಆಡುತ್ತಲೇ ಇದ್ದವು. ‘ನನಗೂ ಹಂಗೇ ಅನಸ್ತಿತ್ತು, ನಂದೇ ಸೊಕ್ಕು ಅಂತ. ನಿಮ್ಮಪ್ಪ ಅದೇ ಕಾಲಿಲೆ ನಡದ್ರ ಮಂದಿ ಸವಾರ ಅಂದ್ರು. ಮಹಾದೇವಿ, ಕೂಸಿನ್ನ ಕರಕೊಂಡು ಹೋಗ್ರಿ ಬೇ. ನಾನೂ ಬರ್ತೇನಿ.’

ಅದೇ ವಾರ ನಾಲ್ವರೂ ಬೆಳಗಿನ ಬಸ್ಸಿಗೆ ಹೋದೆವು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾಯುವುದು ಅಂದರೆ ಏನೆಂದು, ಮಗುವಿಗಾಗಿ ಕಾದವರಿಗೆ ಗೊತ್ತು. ನನಗಾಗಿ ಕಾದಾಗ ಬೇಸರ ಬಂದಿತ್ತು, ಅಷ್ಟೇ. ಈಗ ಬಾಗಿಲು ತೆರೆದಾಗೆಲ್ಲ ಅರ್ಧ ಎದ್ದು ಮತ್ತೆ ಕೂರುತ್ತಿದ್ದೆ. ಶರಣವ್ವತ್ತಿ ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು ಸೀರೆ ಮುಚ್ಚಿಕೊಂಡಿದ್ದಳು. ಎದುರಿಗೆ ಕೂತಿದ್ದ ಜೇವರ್ಗಿ ಕಡೆಯ ಮುಸ್ಲಿಂ ಹೆಣ್ಣುಮಗಳೊಬ್ಬಳು ತನ್ನ ಬುತ್ತಿ ಬಿಚ್ಚಿ, ಏನೂ ಕೇಳದೆ, ಭಾಗ್ಯಳ ಕೈಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟಳು. ‘ತಿನ್ನು ಬೇಟಾ, ಇಲ್ಲಿ ತಡಾ ಆಗ್ತದ’ ಅಂದಳು. ಆ ರೊಟ್ಟಿಯನ್ನು ನಾವು ನಾಲ್ವರೂ ಮುರಿದು ತಿಂದೆವು.

ನರದ ಪರೀಕ್ಷೆಯಲ್ಲಿ ಕಾಲಿಗೆ ಸಣ್ಣ ಸಣ್ಣ ಕರೆಂಟು ಕೊಡುತ್ತಾರೆ. ನೋವು ಬಹಳ ಇಲ್ಲ, ಆದರೆ ಪ್ರತಿ ಸಲ ಮೈ ಜಿಗಿಯುತ್ತದೆ. ಭಾಗ್ಯ ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು, ಸಣ್ಣ ದನಿಯಲ್ಲಿ ‘ಕಬಡ್ಡಿ ಕಬಡ್ಡಿ ಕಬಡ್ಡಿ’ ಅನ್ನುತ್ತ ಮಲಗಿದಳು. ಶಾಲೆಯ ಟೀಮಿನಲ್ಲಿ ಅವಳು ಆಡುತ್ತಾಳೆ. ಪರೀಕ್ಷೆ ಮಾಡುವವರು ಆಟ ಅರ್ಥ ಮಾಡಿಕೊಂಡು, ಅವಳ ಉಸಿರು ಮುಗಿದಾಗ ತಾವೂ ನಿಲ್ಲಿಸುತ್ತಿದ್ದರು. ಇಂಥ ಸಣ್ಣ ಕರುಣೆಗಳನ್ನು ಯಾರೂ ರಿಪೋರ್ಟಿನಲ್ಲಿ ಬರೆಯುವುದಿಲ್ಲ.

ರಿಪೋರ್ಟು ಬಂತು. ಭಾಗ್ಯಳಿಗೂ ಇತ್ತು. ಡಾಕ್ಟರು ಅದನ್ನು ಸುತ್ತಿ ಬಳಸಿ ಹೇಳಲಿಲ್ಲ, ಅವಳ ಕಡೆಗೇ ತಿರುಗಿ ಹೇಳಿದರು. ಇದು ಪೂರ್ತಿ ಹೋಗುವುದಿಲ್ಲ, ಆದರೆ ನಿಧಾನವಾಗಿ ನಡೆಯುವ ರೋಗ, ನಾವು ಅದಕ್ಕಿಂತ ಮುಂದೆ ಇರಬೇಕು ಅಂದರು. ಮಹಾದೇವಿಯ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಭಾಗ್ಯ ಮಾತ್ರ, ‘ಆಡಬಹುದೇನ್ರಿ ನಾ?’ ಎಂದು ಕೇಳಿದಳು. ‘ಮೊದಲ ನಿಲ್ಲು, ನೋಡೂಣು’ ಎಂದು ಡಾಕ್ಟರು ಒಂದು ಕಟ್ಟಿಗೆಯ ತುಂಡು ತಂದರು.

ಬೆರಳು ದಪ್ಪದ ಸಾದಾ ಕಟ್ಟಿಗೆ. ಭಾಗ್ಯಳ ಹಿಮ್ಮಡಿಯನ್ನೂ ಪಾದದ ಹೊರ ಅಂಚನ್ನೂ ಅದರ ಮೇಲಿಟ್ಟು, ಹೆಬ್ಬೆರಳಿನ ಕಡೆಯ ಭಾಗ ಕೆಳಗೆ ಇಳಿಯಲು ಬಿಟ್ಟರು. ನಮ್ಮನ್ನು ಅವಳ ಹಿಂದೆ ಕರೆದರು. ಮಹಾದೇವಿ ನೆಲದ ಮೇಲೆಯೇ ಕೂತು ಹಿಮ್ಮಡಿಯ ಮಟ್ಟಕ್ಕೆ ಕಣ್ಣಿಟ್ಟಳು. ಬರಿ ನೆಲದ ಮೇಲೆ ಒಳಕ್ಕೆ ವಾಲಿದ್ದ ಹಿಮ್ಮಡಿ, ಆ ಕಟ್ಟಿಗೆಯ ಮೇಲೆ ನೆಟ್ಟಗೆ ನಿಂತಿತು. ಯಾರೂ ಹಿಡಿದಿರಲಿಲ್ಲ, ಯಾರೂ ತಿರುವಿರಲಿಲ್ಲ, ಅದು ತಾನಾಗಿಯೇ ನೆಟ್ಟಗಾಗಿತ್ತು. ನಮ್ಮ ಅಂಗಡಿಯಲ್ಲಿ ಅಚ್ಚು ವಾಲಿದರೆ ಪಾಟಾದ ಕೆಳಗೆ ಪ್ಯಾಕಿಂಗ್ ಎಂದು ಒಂದು ತೆಳ್ಳನೆಯ ಉಕ್ಕಿನ ತುಂಡು ಕೊಡುತ್ತೇವೆ, ಇಡೀ ಲಾರಿಯ ನಿಲುವೇ ಬದಲಾಗುತ್ತದೆ. ಅದನ್ನು ಸಾವಿರ ಸಲ ಮಾಡಿದ್ದೇನೆ. ಜೀವಂತ ಕಾಲಿನಲ್ಲಿ, ನನ್ನ ಮಗಳ ಕಾಲಿನಲ್ಲಿ, ಅದನ್ನು ನೋಡಿದಾಗ ಕೈಯೆತ್ತಿ ಮುಗಿಯಬೇಕು ಅನ್ನಿಸಿತು.

‘ಆಕಿ ಹಿಮ್ಮಡಿ ಇನ್ನೂ ಮೆತ್ತಗದ’ ಅಂದರು ಡಾಕ್ಟರು. ‘ಗಟ್ಟಿ ಆಗೂಕ್ಕಿಂತ ಮೊದಲ ಕರಕೊಂಡು ಬಂದೀರಿ. ಆಪರೇಷನ್ ಈಗ ಬೇಕಾಗಿಲ್ಲ.’ ನನ್ನನ್ನೂ ಅದೇ ಕಟ್ಟಿಗೆಯ ಮೇಲೆ ನಿಲ್ಲಿಸಿದರು. ನನ್ನ ಹಿಮ್ಮಡಿ ಒಂದಿಷ್ಟೂ ಕದಲಲಿಲ್ಲ. ಮಹಾದೇವಿ ಎರಡನ್ನೂ ನೋಡಿದಳು. ಅವಳು ಆ ಹೊತ್ತಿನಿಂದ ಈ ಹೊತ್ತಿನ ತನಕ, ಮಗಳ ಕಾಲಿನ ವಿಷಯವನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಶಾಲೆಯ ಟೀಚರಿಗೆ ಅವಳೇ ಹೋಗಿ ಹೇಳಿ ಬಂದಳು.

ಅದಾಗಿ ಎರಡು ವರ್ಷ ಆಗುತ್ತ ಬಂತು. ಭಾಗ್ಯಳ ಬೂಟಿನೊಳಗೆ ಅವಳ ಪಾದದ ಅಚ್ಚು ತೆಗೆದು ಮಾಡಿದ ಮೆತ್ತೆ ಇದೆ, ಹೊರ ಅಂಚಿಗೆ ಸ್ವಲ್ಪ ಎತ್ತರ. ಬೆಳೆದಂತೆ ಅದನ್ನು ಬದಲಾಯಿಸಬೇಕು. ಗೋಡೆಗೆ ಕೈ ಕೊಟ್ಟು ಹಿಮ್ಮಡಿಯ ಹಿಂದಿನ ಸ್ನಾಯು ಹಿಗ್ಗಿಸುವುದು, ನೆಲದ ಮೇಲೆ ಹಾಸಿದ ಟವೆಲ್ಲನ್ನು ಕಾಲ್ಬೆರಳಿನಿಂದ ಎಳೆಯುವುದು, ಇವೆಲ್ಲ ದಿನಾ ಆಗಬೇಕು. ದಿನಾ ಜಗಳವೂ ಆಗುತ್ತದೆ. ಹರಡಿಗೆ ಪಟ್ಟಿ ಸುತ್ತಿಕೊಂಡು ಕಬಡ್ಡಿ ಆಡುತ್ತಾಳೆ. ಮುಂದೆ ಏನಾಗುತ್ತದೋ ನಮಗೆ ಗೊತ್ತಿಲ್ಲ, ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರ ಮೇಲೆ ನನಗೆ ನಂಬಿಕೆ ಜಾಸ್ತಿ.

ನನಗೆ ಬೂಟಿನೊಳಗೆ ಹಾಕುವ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ಕೊಟ್ಟಿದ್ದಾರೆ. ಅಂಗಾಲಿನ ಕೆಳಗಿನಿಂದ ಹಿಂದೆ ಮೀನಖಂಡದ ತನಕ ಬಂದು ಪಾದವನ್ನು ಜೋಲದಂತೆ ಹಿಡಿಯುತ್ತದೆ. ಮೊದಲ ದಿನ ಅದನ್ನು ಹಾಕಿಕೊಂಡು ಆಸ್ಪತ್ರೆಯ ಗೇಟಿನಿಂದ ನಡೆದೆ. ಮೊಣಕಾಲು ಎತ್ತಲೇಬೇಕಾಗಲಿಲ್ಲ. ಹತ್ತು ಹೆಜ್ಜೆ ಹಾಕಿ ನಿಂತು, ಹಿಂತಿರುಗಿ ನೋಡಿದೆ, ನಡೆದವನು ನಾನೇ ಹೌದೋ ಅಲ್ಲವೋ ಅನ್ನಿಸಿ. ಹಿಮ್ಮಡಿ ನೆಟ್ಟಗೆ ಮಾಡಲು ಆಪರೇಷನ್ ಮಾಡಿಸಿಕೊಳ್ಳಿ ಅಂದಿದ್ದಾರೆ. ಇನ್ನೂ ಮನಸ್ಸು ಮಾಡಿಲ್ಲ, ಹೆದರಿಕೆ ಇದೆ ಎಂದು ಹೇಳಿಕೊಳ್ಳಲು ನಾಚಿಕೆ ಇಲ್ಲ. ಘನ ಎತ್ತುವುದನ್ನು ಬಿಟ್ಟು ಈಗ ಕೂತು ಮಾಡುವ ಜೋಡಣೆಯ ಕೆಲಸ ನೋಡಿಕೊಳ್ಳುತ್ತೇನೆ. ಪಾದಕ್ಕೆ ಗಾಯವಾದರೆ ನನಗೆ ತಿಳಿಯುವುದಿಲ್ಲವಾದ್ದರಿಂದ ಸಂಜೆ ಮನೆಗೆ ಬಂದ ಮೇಲೆ ಮಹಾದೇವಿ ಅಂಗಾಲು ತಿರುಗಿಸಿ ನೋಡುತ್ತಾಳೆ. ಹಳೆಯ ಸೇಡು ತೀರಿಸಿಕೊಳ್ಳುವವಳಂತೆ, ‘ಭಾಗ್ಯವಂತರ ಕಾಲು ಕೊಡ್ರಿ ಇಲ್ಲಿ’ ಅನ್ನುತ್ತಾಳೆ.

ಭಾಗ್ಯಳ ರಿಪೋರ್ಟು ಬಂದ ಆ ಮಧ್ಯಾಹ್ನದ್ದೇ ಇನ್ನೊಂದು ಮಾತು ಹೇಳುವುದು ಉಳಿದಿದೆ. ಅದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆದೆ ಅಂತ ಈಗ ಅನ್ನಿಸುತ್ತಿದೆ.

ನಾವು ಏಳುವ ಹೊತ್ತಿಗೆ ಡಾಕ್ಟರು ಮೂಲೆಯ ಸ್ಟೂಲಿನ ಮೇಲಿದ್ದ ಶರಣವ್ವತ್ತಿಯನ್ನು ನೋಡಿದರು. ‘ಅಮ್ಮಾರ, ನೀವು ಒಂದೀಟು ನಡದು ತೋರಸ್ತೀರೇನ್ರಿ?’ ಅಂದರು. ಅತ್ತೆ ನನ್ನ ಮುಖ ನೋಡಿದಳು. ಐವತ್ತು ವರ್ಷ ಹೊರಗಿನವರ ಎದುರಿಗೆ ನಡೆದು ತೋರಿಸದವಳು. ಕೋಣೆ ಚಿಕ್ಕದಾಗಿತ್ತು, ಡಾಕ್ಟರು ಹೊರಗಿನ ಉದ್ದ ಪಡಸಾಲೆಗೆ ಕರೆದುಕೊಂಡು ಹೋದರು. ಎರಡೂ ಬದಿಯ ಬೆಂಚುಗಳ ಮೇಲೆ ಮಂದಿ ಕೂತಿದ್ದರು. ಅತ್ತೆ ಅಭ್ಯಾಸದಂತೆ ಗೋಡೆಗೆ ಕೈ ಚಾಚಿದಳು. ‘ಗ್ವಾಡಿ ಬಿಡ್ರಿ, ನಾ ಬಾಜೂಕೇ ಇರ್ತೇನಿ’ ಅಂದರು ಡಾಕ್ಟರು.

ಅತ್ತೆ ಗೋಡೆ ಬಿಟ್ಟಳು. ಸೀರೆಯನ್ನು ಹರಡಿನ ಮೇಲಕ್ಕೆ ಹಿಡಿದುಕೊಂಡು ನಡೆದಳು. ಒಂದೊಂದು ಮೊಣಕಾಲೂ ಎತ್ತರಕ್ಕೆ ಏರಿ, ಒಂದೊಂದು ಪಾದವೂ ಕಲ್ಲಿನ ಮೇಲೆ ಪಟ್ ಎಂದು ಇಳಿಯಿತು. ಬೆಂಚಿನ ಮೇಲಿನವರು ಕಾಲು ಒಳಕ್ಕೆ ಎಳೆದುಕೊಂಡು ದಾರಿ ಬಿಟ್ಟರು. ಕೊನೆಯ ತನಕ ಹೋಗಿ ತಿರುಗಿ ಬಂದಳು. ಒಮ್ಮೆಯೂ ಎಡವಲಿಲ್ಲ.

‘ಈ ನಡಿಗಿ ಯಾರ್ ಕಲಿಸಿದ್ರಿ ನಿಮಗ?’ ಡಾಕ್ಟರು ಕೇಳಿದರು.

‘ಯಾರೂ ಇಲ್ರಿ. ಹಿಂಗೇ ಬರ್ತದ.’

‘ನಿಮ್ಮ ಪಾದ ಎರಡೂ ಎದ್ದೇಳಂಗಿಲ್ಲ, ಅಮ್ಮಾರ. ನನ್ನಕ್ಕಿಂತ ಮೊದಲ ಅದು ನಿಮ್ಮ ಮೊಣಕಾಲಿಗಿ ಗೊತ್ತಾಗ್ಯದ. ಪಾದದ ಕೆಲಸಾನೂ ಅವೇ ಮಾಡ್ಯಾವ, ಇಷ್ಟ ವರ್ಷ. ಇಲ್ಲಂದ್ರ ನೀವು ಒಂದೊಂದ ಹೆಜ್ಜಿಗೂ ಬೀಳ್ತಿದ್ರಿ.’

ಅತ್ತೆ ಬಹಳ ಮೆಲ್ಲಗೆ ಕೇಳಿದಳು. ‘ಮೊಣಕಾಲು ಕಟ್ಟಿದ್ರ?’

‘ಯಾರೇ ಆದ್ರೂ ಬೀಳ್ತಾರ್ರಿ.’

‘ಸೊಕ್ಕಿಲೆ ಅಲ್ಲ?’

ಡಾಕ್ಟರಿಗೆ ಅತ್ತೆಯ ಕಥೆ ಗೊತ್ತಿರಲಿಲ್ಲ. ಆದರೂ ಅವರು ಅವಸರ ಮಾಡಲಿಲ್ಲ, ಅವಳ ಎರಡೂ ಕೈ ಹಿಡಿದುಕೊಂಡರು. ‘ಸೊಕ್ಕು ಅಲ್ರಿ ಅಮ್ಮಾರ. ಈ ನಡಿಗೀನೇ ನಿಮ್ಮನ್ನ ಬೀಳಗೊಡಲಿಲ್ಲ.’

ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಕಣ್ಣು ಮಂಜಾಗಿತ್ತು. ಅತ್ತೆ ಅಳಲಿಲ್ಲ. ಉದ್ದನೆಯ ಪಡಸಾಲೆಯನ್ನು ಒಮ್ಮೆ ಆ ತುದಿಯ ತನಕ ನೋಡಿದಳು.

‘ಇನ್ನೊಂದ ಸಲ ನಡೀಲೇನ್ರಿ?’

‘ಬ್ಯಾಡ್ರಿ ಅಮ್ಮಾರ, ನಾ ನೋಡೂದು ನೋಡೀನಿ. ಕೂಡ್ರಿ.’

‘ನಿಮಗ ತೋರಸಾಕ ಅಲ್ರಿ’ ಅಂದಳು ಅತ್ತೆ.

ಮತ್ತೆ ನಡೆದಳು. ಭಾಗ್ಯ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಅದನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ಓಡಿ ಹೋಗಿ ಅವಳ ಪಕ್ಕಕ್ಕೆ ಸೇರಿಕೊಂಡಳು.

‘ಆಯಿ, ಜರಾ ಸಾವಕಾಶ ನಡಿ’ ಅಂದಳು. ‘ನನಗ ನೋಡಿ ಕಲೀಬೇಕಾಗ್ಯದ.’